ನಡೆಯುವ ಮೊದಲೇ ನಡೆಯಿತೆಂದು ಬರೆದ ಬೀಳ್ಕೊಡುಗೆ

ಮೊದಲಿಗೆ ಕ್ಷಮೆ ಕೋರುತ್ತೇನೆ. ಈ ತಿಂಗಳ 13ರಂದು ಬೆಳಿಗ್ಗೆ 10 ಗಂಟೆ 5 ನಿಮಿಷಕ್ಕೆ ನಾನು ಇದೇ ಠಾಣೆಗೆ ಕೊಟ್ಟ ದೂರುಪತ್ರದಲ್ಲಿ ನನ್ನ ಹೆಸರು, ವಿಳಾಸ ಹಾಗೂ 74 ಎಂಬ ವಯಸ್ಸು ಸರಿಯಾಗಿವೆ. ಮುಖ್ಯವಾದ ಸಂಗತಿ ತಪ್ಪಾಗಿದೆ. ವೃತ್ತಿಯಿಂದ ನಾನು ಮುದ್ರಣಾಲಯವೊಂದರಲ್ಲಿ 41 ವರ್ಷ ಕರಡು ತಿದ್ದಿ ನಿವೃತ್ತನಾದವನು. ಸಾರ್ವಜನಿಕ ಆರೋಗ್ಯಕ್ಕಾಗಿ ದುಡಿಯುವ ಸೇವಾಸಂಸ್ಥೆಯೊಂದರ ನಾಲ್ಕು ಪುಟಗಳ ಮಾಸಿಕ ಸುದ್ದಿಪತ್ರವನ್ನು 11 ವರ್ಷಗಳಿಂದ ಸ್ವಯಂಸೇವಕನಾಗಿ ಬರೆದುಕೊಡುತ್ತಿದ್ದೇನೆ. ಸಂಸ್ಥೆಯ ಆರೋಗ್ಯ ಕೇಂದ್ರವು ನನ್ನ ಮನೆಯಿಂದ 60 ಹೆಜ್ಜೆ, ಈ ಠಾಣೆಯು ಕೇಂದ್ರದಿಂದ 400 ಮೀಟರ್ ದೂರದಲ್ಲಿದೆ. ಯಾರ ಒತ್ತಾಯವೂ ಇಲ್ಲದೆ ಬಂದು ಅರಿಕೆ ಮಾಡಿಕೊಳ್ಳುವುದೇನೆಂದರೆ:

ಸುದ್ದಿಪತ್ರವು ಪ್ರತಿ ತಿಂಗಳ 5ರಂದು ಅಚ್ಚಿಗೆ ಹೋಗಿ 10ರಂದು ಓದುಗರ ಕೈ ಸೇರುತ್ತದೆ. ಈ ನಡುವಿನ ಐದು ದಿನಗಳಲ್ಲಿ ನಡೆಯಬೇಕಾದುದನ್ನು ನಡೆದುಹೋಯಿತೆಂದೇ ಬರೆಯುವ ರೂಢಿಯನ್ನು ನಾನೇ ಹಾಕಿದೆ. ಓದುಗರಿಗೆ ಹಳೆಯ ಸುದ್ದಿ ಎನಿಸಬಾರದೆಂಬುದು ನನ್ನ ಉದ್ದೇಶವಾಗಿತ್ತು. 11 ವರ್ಷ ಇದರಿಂದ ಯಾರಿಗೂ ಕೇಡಾಗಿರಲಿಲ್ಲ.

ಸಂಸ್ಥೆಯ ವಾಹನ ಚಾಲಕರು 26 ವರ್ಷಗಳ ಸೇವೆ ಮುಗಿಸಿ ಈ ತಿಂಗಳ 9ರಂದು ನಿವೃತ್ತರಾಗಬೇಕಿತ್ತು. ಆದ್ದರಿಂದ 5ರಂದು ನಾನು ‘ಸಿಬ್ಬಂದಿ ಸಮಾಚಾರ’ ಅಂಕಣದಲ್ಲಿ, 9ರಂದು ಚಾಲಕರನ್ನು ಬೀಳ್ಕೊಡಲಾಯಿತು, ಗೋಡೆಗಡಿಯಾರವನ್ನು ನೀಡಲಾಯಿತು, ಚಾಲಕರು ಕಣ್ಣೀರಿಟ್ಟರು ಎಂದು ಬರೆದೆ. 6ರಂದು ನನ್ನ ಬಲಗಣ್ಣಿನ ಪೊರೆ ತೆಗೆದರು. 12ರವರೆಗೆ ಮಗಳ ಮನೆಯಲ್ಲಿದ್ದೆ. ಸುದ್ದಿಪತ್ರ ಅಲ್ಲಿಗೇ ಬಂತು. ಮಗಳು ಓದಿ ಹೇಳಿದಳು. ಒಂದೂ ಅಚ್ಚಿನ ತಪ್ಪಿಲ್ಲವೆಂದು ಸಂತೋಷಪಟ್ಟೆ.

13ರಂದು ಬೆಳಿಗ್ಗೆ 9 ಗಂಟೆ 15 ನಿಮಿಷಕ್ಕೆ, ವೈದ್ಯರ ಮಾತು ಮೀರಿ, ಮಗಳ ಮನೆಯಿಂದ ನೇರವಾಗಿ ಕೇಂದ್ರಕ್ಕೆ ಹೋದೆ. ಒಳಗೆ ಯಾರೂ ಇರಲಿಲ್ಲ. ಲಸಿಕೆಗಳನ್ನಿಡುವ ಫ್ರಿಜ್ಜಿನ ಬಾಗಿಲು ತೆರೆದಿತ್ತು. ಒಳಗೆ ಒಂದು ಶೀಶೆಯೂ ಇರಲಿಲ್ಲ. ಲಸಿಕೆಯನ್ನು ತಂಪಾಗಿಟ್ಟು ಸಾಗಿಸುವ ಎರಡು ಪೆಟ್ಟಿಗೆಗಳೂ, ವಾಹನವೂ, ಮೊಳೆಗೆ ತಗುಲಿಸಿದ್ದ ಅದರ ಬೀಗದ ಕೈಯೂ ಕಾಣಲಿಲ್ಲ. ಎದುರಿನ ಚಪ್ಪಲಿ ಹೊಲಿಯುವವರನ್ನು ವಿಚಾರಿಸಿದಾಗ, “ಡ್ರೈವರಣ್ಣ ಬೆಳಗ್ಗೆ ಆರಕ್ಕೇ ಪೆಟ್ಟಿಗೆ ಹಾಕ್ಕೊಂಡು ಹೋದ್ರಲ್ಲ” ಎಂದರು. ನಿವೃತ್ತರಾಗಿ ನಾಲ್ಕು ದಿನವಾದವರಿಗೆ ವಾಹನವೇಕೆಂದು ನನಗೆ ಅನುಮಾನ ಹುಟ್ಟಿತು. ಕೇಂದ್ರದ ಮೇಲ್ವಿಚಾರಕಿಯವರಿಗೆ ಎರಡು ಸಲ ಕರೆ ಮಾಡಿದೆ, ಎತ್ತಲಿಲ್ಲ. ಮೂರನೆಯ ಸಲ ಮಾಡುವ ತಾಳ್ಮೆ ತೋರಲಿಲ್ಲ. ನೇರವಾಗಿ ಈ ಠಾಣೆಗೆ ಬಂದು, ಚಾಲಕರು ಲಸಿಕೆಯನ್ನೂ ವಾಹನವನ್ನೂ ಕದ್ದೊಯ್ದಿದ್ದಾರೆಂದು ದೂರು ಬರೆದುಕೊಟ್ಟೆ. ಸಾಕ್ಷ್ಯವಾಗಿ ನಾನೇ ಬರೆದ ಸುದ್ದಿಪತ್ರವನ್ನು ಲಗತ್ತಿಸಿದೆ.

ಅಂದು ಸಂಜೆಯೇ ಕಣ್ಣು ಕೆಂಪಗಾಯಿತು. ಮಗಳು ಬಂದು ವೈದ್ಯರಲ್ಲಿಗೆ ಕರೆದೊಯ್ದಳು. ಎರಡು ವಾರ ಹೊರಗೆ ಕಾಲಿಡಬಾರದೆಂದು ವೈದ್ಯರು ಗದರಿದರು.

ನಿನ್ನೆ, ಅಂದರೆ 26ರಂದು ಸಂಜೆ 5 ಗಂಟೆಗೆ, ಕೇಂದ್ರದ ದಾದಿಯವರು ನನ್ನನ್ನು ನೋಡಲು ಬಂದರು. ಕಣ್ಣು ಚೆನ್ನಾಗಿ ಕಾಣುತ್ತದೆಯೇ ಎಂದು ಮೂರು ಸಲ ಕೇಳಿದರು. ಕಾಣುತ್ತದೆ ಎಂದೆ. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಅವರು ತಿಳಿಸಿದ್ದನ್ನು, ಕಣ್ಣಾರೆ ಕಂಡವರನ್ನು ನಿನ್ನೆ ರಾತ್ರಿಯೇ ಫೋನಿನಲ್ಲಿ ಕೇಳಿ ಖಚಿತಪಡಿಸಿಕೊಂಡು, ಹೇಳುತ್ತಿದ್ದೇನೆ.

9ರಂದು ಬೆಳಿಗ್ಗೆ 10 ಗಂಟೆ 40 ನಿಮಿಷಕ್ಕೆ ಕೇಂದ್ರದ ಬೀದಿಯ ವಿದ್ಯುತ್ ಪರಿವರ್ತಕ ಸುಟ್ಟುಹೋಯಿತು. ಫ್ರಿಜ್ಜಿನಲ್ಲಿ 260 ಮಕ್ಕಳಿಗಾಗುವಷ್ಟು ದಡಾರದ ಲಸಿಕೆ ಇತ್ತು. ಕಾಲುವೆಯಾಚೆಯ ಬಡಾವಣೆಯಲ್ಲಿ ಅದಾಗಲೇ ಏಳು ಮಕ್ಕಳಿಗೆ ದಡಾರ ಬಂದಿತ್ತು. ಲಸಿಕೆ ಬೆಚ್ಚಗಾದರೆ ಚೆಲ್ಲಬೇಕಾಗುತ್ತದೆ. ದಾದಿಯವರು ಅದನ್ನು ಎರಡು ಪೆಟ್ಟಿಗೆಗಳಿಗೆ ತುಂಬಿ, ಖಾಲಿ ಫ್ರಿಜ್ಜಿನ ಬಾಗಿಲು ತೆರೆದಿಟ್ಟರು. ಆದರೆ ಪೆಟ್ಟಿಗೆಯೊಳಗಿನ ಮಂಜುಗಡ್ಡೆಯ ಪೊಟ್ಟಣಗಳನ್ನು ದಿನಕ್ಕೊಮ್ಮೆ ಬದಲಿಸಬೇಕು. ಅವನ್ನು ಗಟ್ಟಿ ಮಾಡಲು ಕೇಂದ್ರದಲ್ಲಿ ವಿದ್ಯುತ್ ಇರಲಿಲ್ಲ.

ಬೀಳ್ಕೊಡುಗೆಗಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ ಚಾಲಕರು, “ಇವತ್ತು ನನ್ನನ್ನ ಕಳಿಸೋದು ಬೇಡ, ಮೇಡಂ. ಇದು ಮುಗೀಲಿ, ಆಮೇಲೆ ಬೇಕಾದ್ರೆ ಕತ್ತು ಹಿಡಿದು ಕಳಿಸಿ” ಎಂದರಂತೆ. ಮೇಲ್ವಿಚಾರಕಿಯವರು ನಿವೃತ್ತಿಯನ್ನು 16ಕ್ಕೆ ಮುಂದೂಡಿ ಆದೇಶಕ್ಕೆ ಸಹಿ ಹಾಕಿದರು. ಅದರ ಪ್ರತಿಯನ್ನು ಒಪ್ಪಿಸಿದ್ದೇನೆ.

ಚಾಲಕರು ಮತ್ತು ದಾದಿಯವರು 1.4 ಕಿಲೋಮೀಟರ್ ದೂರದ, ವಿದ್ಯುತ್ ಇದ್ದ ಬೀದಿಗೆ ಹೋಗಿ ಒಂದೊಂದೇ ಬಾಗಿಲು ತಟ್ಟಿದರು. 23 ಮನೆಗಳವರು ಪೊಟ್ಟಣಗಳನ್ನು ತಮ್ಮ ಫ್ರಿಜ್ಜಿನಲ್ಲಿ ಇಟ್ಟುಕೊಂಡರು. ತುದಿಯ ಐಸ್‌ಕ್ರೀಮ್ ಅಂಗಡಿಯಾಕೆ ಪೊಟ್ಟಣಗಳಿಗಾಗಿ ತಮ್ಮ ದೊಡ್ಡ ಶೀತಲ ಪೆಟ್ಟಿಗೆಯನ್ನು ಪೂರ್ತಿ ಖಾಲಿ ಮಾಡಿ, ಅದರಲ್ಲಿದ್ದುದನ್ನು ಬೀದಿಯ ಮಕ್ಕಳಿಗೆ ಹಂಚಿದರು. “ಕರಗೋದಾದ್ರೆ ಮಕ್ಕಳ ಹೊಟ್ಟೇಲೇ ಕರಗ್ಲಿ ಬಿಡಿ” ಎಂದರಂತೆ.

(ಈ ಹಂತದಲ್ಲಿ ಹೇಳಿಕೆ ಬರೆದುಕೊಳ್ಳುತ್ತಿರುವ ಮುಖ್ಯ ಪೇದೆಯವರು, “ಅಜ್ಜ, ಐಸ್‌ಕ್ರೀಮ್ ವಿಷಯಾನೂ ಬರೀಬೇಕಾ?” ಎಂದು ಕೇಳಿದರು. ಬೇಕು ಎಂದು ಹೇಳಿದ್ದೇನೆ.)

10ರಿಂದ 13ರವರೆಗೆ ನಾಲ್ಕು ದಿನ ಚಾಲಕರು ಬೆಳಿಗ್ಗೆ 6 ಗಂಟೆಗೆ ಕೇಂದ್ರದಿಂದ ಪೆಟ್ಟಿಗೆಗಳನ್ನು ವಾಹನಕ್ಕೇರಿಸಿಕೊಂಡು ಹೊರಟು, 23 ಮನೆಗಳಿಂದಲೂ ಅಂಗಡಿಯಿಂದಲೂ ಗಟ್ಟಿಯಾದ ಪೊಟ್ಟಣಗಳನ್ನು ಪಡೆದು, ಕರಗಿದವನ್ನು ಕೊಟ್ಟು, 7 ಗಂಟೆಗೆ ಕಾಲುವೆಯಾಚೆ ತಲುಪುತ್ತಿದ್ದರು. ಸಿಬ್ಬಂದಿಯೆಲ್ಲರೂ ಅಲ್ಲಿಯೇ ಇದ್ದರು. ಒಟ್ಟು 254 ಮಕ್ಕಳಿಗೆ ಲಸಿಕೆ ಹಾಕಿದರು. ನಾನು ಕರೆ ಮಾಡಿದಾಗ ಮೇಲ್ವಿಚಾರಕಿಯವರು ಅಳುವ ಮಗುವೊಂದನ್ನು ಎತ್ತಿಕೊಂಡಿದ್ದರು. ಕರೆ ಎತ್ತದಿರಲು ಅದೇ ಕಾರಣ.

14ರಂದು ಚಾಲಕರನ್ನು ಈ ಠಾಣೆಗೆ ಕರೆಸಿ ಬೆಳಿಗ್ಗೆ 11ರಿಂದ ಮಧ್ಯಾಹ್ನ 3 ಗಂಟೆ 20 ನಿಮಿಷದವರೆಗೆ ಕೂರಿಸಲಾಯಿತು. ಮೇಲ್ವಿಚಾರಕಿಯವರು ಬಂದು ವಿವರಿಸಿದ ಮೇಲೆ ಮನೆಗೆ ಕಳುಹಿಸಿದರು. ಆದರೆ ಅಚ್ಚಾದ ಸಾಕ್ಷ್ಯವಿರುವುದರಿಂದ, ದೂರು ಕೊಟ್ಟವನೇ ಬಂದು ಹೇಳಿಕೆ ಕೊಡುವ ತನಕ ದೂರನ್ನು ಮುಗಿಸಲಾಗದೆಂದು ತಿಳಿಸಲಾಯಿತು. ಚಾಲಕರು ಬರುವ ತಿಂಗಳ 1ರಿಂದ ಶಾಲೆಯೊಂದರ ವಾಹನ ನಡೆಸಲು ಆಯ್ಕೆಯಾಗಿದ್ದಾರೆ. ಅದಕ್ಕೆ ಈ ಠಾಣೆಯ ನಡತೆಯ ಪ್ರಮಾಣಪತ್ರವನ್ನು 30ರೊಳಗೆ ಸಲ್ಲಿಸಬೇಕು. ಕಳವಿನ ದೂರು ಇರುವವರ ಕೈಗೆ ಯಾವ ಶಾಲೆಯೂ ಮಕ್ಕಳನ್ನು ಒಪ್ಪಿಸುವುದಿಲ್ಲ.

ಇಷ್ಟು ದಿನ ನನಗೇಕೆ ಹೇಳಲಿಲ್ಲವೆಂದು ದಾದಿಯವರನ್ನು ಕೇಳಿದೆ. ಚಾಲಕರೇ ತಡೆದಿದ್ದರೆಂದು ಅವರು ಹೇಳಿದರು: “ಅಕ್ಷರಜ್ಜನಿಗೆ ಈಗ್ಲೇ ಹೇಳ್ಬೇಡಿ, ಅತ್ತುಬಿಡ್ತಾರೆ. ಅತ್ರೆ ಕಣ್ಣಿಗೆ ಒಳ್ಳೇದಲ್ಲ. ನನ್ನ ಕಾಗದ ಹತ್ತು ದಿನ ಕಾಯುತ್ತೆ, ಕಣ್ಣು ಕಾಯುತ್ತಾ?” ಸಂಸ್ಥೆಯಲ್ಲಿ ನನ್ನನ್ನು ಅಕ್ಷರಜ್ಜನೆಂದು ಕರೆಯುತ್ತಾರೆ.

ಇಂದು ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಚಾಲಕರೇ ನನ್ನ ಮನೆಗೆ ಬಂದರು. ನಾನು ಕೈ ಮುಗಿದೆ. ಅವರು ನನ್ನ ಕೈ ಬಿಡಿಸಿ, “ಅಜ್ಜ, ನೀವು ನನ್ನನ್ನ ಒಂದು ವಾರ ಮುಂಚೆನೇ ಮನೆಗೆ ಕಳಿಸಿಬಿಟ್ರಲ್ಲ! ಗೋಡೆಗಡಿಯಾರ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ನನ್ನ ಹೆಂಡ್ತಿ ದಿನಾ ಕೇಳ್ತಾಳೆ. ಕಳ್ಳ ಅಂದಿದ್ದಕ್ಕೆ ನಂಗೇನೂ ಬೇಜಾರಿಲ್ಲ, ಆ ಗಡಿಯಾರದ್ದೇ ತಲೆನೋವು” ಎಂದರು. ಹೊಸ ಕಣ್ಣಿಗೆ ಮೆಟ್ಟಿಲಿನ ಅಂಚು ಇನ್ನೂ ಸರಿಯಾಗಿ ಸಿಗುವುದಿಲ್ಲ. ಮನೆಯಿಂದ ಇಲ್ಲಿಯವರೆಗೆ ಅವರು ನನ್ನ ಮೊಣಕೈ ಹಿಡಿದು ನಡೆಸಿಕೊಂಡು ಬಂದರು. ದಾರಿಯಲ್ಲಿ ಐದು ಕಡೆ, “ಇಲ್ಲೊಂದು ಮೆಟ್ಟಿಲು, ಕಾಲೆತ್ತಿ” ಎಂದರು. ಈಗ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾರೆ. 14ರಂದೂ ಅದೇ ಬೆಂಚಿನ ಮೇಲೆ ಕುಳಿತಿದ್ದರೆಂದು ಮುಖ್ಯ ಪೇದೆಯವರು ತಿಳಿಸಿದರು.

ಚಾಲಕರು ಏನನ್ನೂ ಕದ್ದಿಲ್ಲ. ದೂರನ್ನು ಪೂರ್ತಿಯಾಗಿ ಹಿಂದಕ್ಕೆ ಪಡೆಯುತ್ತೇನೆ. ಅವರಿಗೆ ಪ್ರಮಾಣಪತ್ರವನ್ನು ಇಂದೇ ದಯಪಾಲಿಸಬೇಕೆಂದು ಬೇಡುತ್ತೇನೆ. ಅವರಿಗೂ, ದಾದಿಯವರಿಗೂ, 23 ಮನೆಗಳವರಿಗೂ, ಐಸ್‌ಕ್ರೀಮ್ ಅಂಗಡಿಯಾಕೆಗೂ ನಾನು ಋಣಿ. ಇದು ಹೇಳಿಕೆಯಲ್ಲಿ ಬರಬೇಕಾದ ಮಾತಲ್ಲವೆಂದು ಬಲ್ಲೆ; ಆದರೂ ದಾಖಲಾಗಲಿ.

ಮುಖ್ಯ ಪೇದೆಯವರು ಇದನ್ನು ನನಗೆ ಗಟ್ಟಿಯಾಗಿ ಓದಿ ಹೇಳಿದರು. ನಾನೂ ಎರಡೂ ಕಣ್ಣುಗಳಿಂದ ಓದಿಕೊಂಡೆ. ಇದರಲ್ಲಿರುವುದೆಲ್ಲ ನಡೆದುದು, ನಡೆದ ಮೇಲೆಯೇ ಬರೆದುದು.

ಸ್ಥಳ: ಠಾಣೆಯ ಬರಹದ ಕೊಠಡಿ
ದಿನಾಂಕ: ಈ ತಿಂಗಳ 27, ಬೆಳಿಗ್ಗೆ 10 ಗಂಟೆ 50 ನಿಮಿಷ
(ಸಹಿ) ಹೇಳಿಕೆ ನೀಡಿದವನು

ಸುದ್ದಿಪತ್ರದಲ್ಲಿಯೂ ದೂರಿನಲ್ಲಿಯೂ ತಿದ್ದಿಕೊಳ್ಳಬೇಕಾದ ದಿನಾಂಕಗಳು:

9: ‘ಚಾಲಕರನ್ನು ಬೀಳ್ಕೊಡಲಾಯಿತು’ ಎಂದಿರುವುದು ತಪ್ಪು. ಅಂದು ಅವರು 23 ಮನೆಗಳ ಬಾಗಿಲು ತಟ್ಟಿದರು.

13: ‘ಲಸಿಕೆ ಕಳವಾಯಿತು’ ಎಂದಿರುವುದು ತಪ್ಪು. ಅಂದು ಲಸಿಕೆ ಮಕ್ಕಳಿಗೆ ಸೇರಿತು. ವಿದ್ಯುತ್ ಸಂಜೆ 5ಕ್ಕೆ ಬಂತು.

16: ಬೀಳ್ಕೊಡುಗೆ ನಡೆದದ್ದು ಅಂದು. ಕೊಟ್ಟದ್ದು ಗೋಡೆಗಡಿಯಾರವಲ್ಲ, ಕೊಡೆ. ಕೊಟ್ಟವರು 23 ಮನೆಗಳವರು. ಅತ್ತವರು ಚಾಲಕರಲ್ಲ, ದಾದಿಯವರು.

ಬರುವ ತಿಂಗಳ 1: ಚಾಲಕರು ಶಾಲೆಯ ವಾಹನ ನಡೆಸಬೇಕಾದ ಮೊದಲ ದಿನ. ಇದು ಇನ್ನೂ ನಡೆದಿಲ್ಲ. ಬೆಳಿಗ್ಗೆ ಶಾಲೆಯ ಬಾಗಿಲಲ್ಲಿ ನಿಂತು ನೋಡಿ, ಆಮೇಲೆ ಬರೆಯುತ್ತೇನೆ.