ಎರಡನೇ ಶಿಫ್ಟಿನ ಪ್ರಾರ್ಥನೆ

ಸಭೆಗೆ ಬಂದಿರುವ ಹಿರಿಯರಿಗೆ, ನಮ್ಮ ಮೆಷಿನ್ ಶಾಪಿನ ಗೆಳೆಯರಿಗೆ, ಕುರುಬರಹಳ್ಳಿಯ ನೆರೆಹೊರೆಯವರಿಗೆ ನಮಸ್ಕಾರ. ರೇವಣಸಿದ್ದಯ್ಯನವರ ಮಡದಿ, ಅಮ್ಮ ಕಮಲಾಕ್ಷಮ್ಮನವರೇ, ನಿಮಗೆ ಬೇರೆಯಾಗಿ ನಮಸ್ಕಾರ.

ನಾನು ಸಾಲೋಮನ್. ರೇವಣಸಿದ್ದಯ್ಯನವರ ಪಕ್ಕದ ಲೇತಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ಲಿಂಗೈಕ್ಯರಾದವರ ಬಗ್ಗೆ ನಾಲ್ಕು ಒಳ್ಳೆಯ ಮಾತಾಡು ಅಂತ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಆಡುತ್ತೇನೆ. ಆಮೇಲೆ ಒಂದೆರಡು ಕೆಟ್ಟ ಮಾತೂ ಆಡುತ್ತೇನೆ — ಅದು ಅವರ ಬಗ್ಗೆ ಅಲ್ಲ.

ಕುರುಬರಹಳ್ಳಿಯಲ್ಲಿ ನಮ್ಮ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಚರ್ಚು ಅಂದರೆ ದಂಡಿನ ಕಡೆಗೇ, ಕಂಟೋನ್ಮೆಂಟಿಗೇ ಹೋಗಬೇಕು, ಬಸ್ಸು ಬದಲಾಯಿಸಿ. ನನ್ನ ತಾಯಿಯಂಥ ಮುದುಕಿಯರ ಕೈಲಿ ಅದು ಆಗದ ಮಾತು. ಬಾಂಗ್ಲಾ ಯುದ್ಧ ಮುಗಿದ ವರ್ಷ, ಊಟದ ಹೊತ್ತಿನಲ್ಲಿ, ಇದನ್ನು ರೇವಣಸಿದ್ದಯ್ಯನವರ ಹತ್ತಿರ ಹೇಳಿಕೊಂಡೆ. ಅವರು ಮುದ್ದೆ ಮುರಿಯುತ್ತಾ — ಹೀಗೆ, ತಲೆ ಕೂಡ ಎತ್ತದೆ — ಹೇಳಿದರು: "ನಮ್ಮ ನಡುಮನೆ ಇದೆಯಲ್ಲಪ್ಪ. ಬೆಳಗ್ಗೆ ನನ್ನ ಲಿಂಗಪೂಜೆ ಆಗುತ್ತೆ, ಅದು ಫಸ್ಟ್ ಶಿಫ್ಟು. ಸೆಕೆಂಡ್ ಶಿಫ್ಟು ನೀವು ಮಾಡ್ಕೊಳ್ಳಿ."

ನೀವು ನಗುತ್ತಿದ್ದೀರಿ. ಅವರು ನಗಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ನಾವು ಒಳಗೆ ಹಾಡುತ್ತಿದ್ದರೆ, ಅವರು ಹಣೆ ತುಂಬ ವಿಭೂತಿ ಹಚ್ಚಿಕೊಂಡು ಜಗಲಿಯ ಮೇಲೆ ಕೂತು ನಮ್ಮ ಚಪ್ಪಲಿ ಕಾಯುತ್ತಿದ್ದರು. ಬೀದಿನಾಯಿ ಎಳೆದುಕೊಂಡು ಹೋಗದ ಹಾಗೆ. ನಮ್ಮ ಮೊದಲ ಪ್ರಾರ್ಥನೆ ಯಾವಾಗಲೂ ಒಂದೇ — "ಕರ್ತನೇ, ನಿನ್ನ ಹೆಸರನ್ನು ಹೆದರದೆ ಕರೆಯಲು ಬಿಟ್ಟಿರುವ ಈ ದೇಶಕ್ಕಾಗಿ ನಿನಗೆ ಸ್ತೋತ್ರ." ದೇಶ ಅಂದರೆ ದೆಹಲಿ ಅಂದುಕೊಂಡಿದ್ದೆ ನಾನು. ಆ ಸ್ವಾತಂತ್ರ್ಯವನ್ನು ಅಲ್ಲಿ ಬರೆದಿಟ್ಟಿದ್ದಾರೆ, ನಿಜ. ನನ್ನ ತಾಯಿಗೆ ಅದು ಸಿಕ್ಕಿದ್ದು ಈ ಮನುಷ್ಯನ ನಡುಮನೆಯಲ್ಲಿ.

ಇದು ಎಲ್ಲರಿಗೂ ಹಿಡಿಸಲಿಲ್ಲ. ನಮ್ಮ ಬಡಾವಣೆ ಸಂಘದ ಅಧ್ಯಕ್ಷರು, ಶ್ರೀ ಉಗ್ರಪ್ಪನವರು — ಮೊದಲ ಸಾಲಿನಲ್ಲೇ ಇದ್ದಾರೆ, ಪಟದ ಮೇಲಿನ ಆ ದೊಡ್ಡ ಹಾರ ಅವರದೇ — ರೇವಣಸಿದ್ದಯ್ಯ ಕುಲ ಕೆಟ್ಟ ಅಂತ ಮನೆಮನೆಗೆ ಹೋಗಿ ಸಾರಿದರು. ರೇವಣಸಿದ್ದಯ್ಯನವರ ಮಗಳ ಮದುವೆಯಲ್ಲಿ ಎಲೆ ಹಾಕಿದ್ದೇ ಬಂತು, ಕೂರುವವರಿಲ್ಲ. ಕೊನೆಗೆ ಮೆಷಿನ್ ಶಾಪಿನ ನಾವೇ ಎರಡೆರಡು ಪಂಕ್ತಿ ಉಂಡೆವು. ನಾನು ಕುದಿಯುತ್ತಿದ್ದೆ. ಅವರು, "ಬಿಡು ಸಾಲೋಮನಪ್ಪ, ಹೋಳಿಗೆ ಉಳಿದ್ರೆ ನಮಗೇ ಲಾಭ" ಅಂದರು.

ಇನ್ನು ಆ ಭಾನುವಾರ.

ನಾವು ಹಾಡುತ್ತಿದ್ದೆವು. ಜಗಲಿಯಲ್ಲಿ ಸದ್ದಾಯಿತು. ಹೊರಗೆ ಬಂದರೆ ಅವರು ಎದೆ ಹಿಡಿದುಕೊಂಡು ಒರಗಿದ್ದಾರೆ. ನಮ್ಮ ಬೀದಿಗೆಲ್ಲ ಕಾರು ಇರುವುದು ಉಗ್ರಪ್ಪನವರೊಬ್ಬರಿಗೇ. ಓಡಿದೆ. ಕಾರು ಗೇಟಿನ ಮುಂದೆಯೇ ನಿಂತಿತ್ತು. ಇವರು ಬೆತ್ತದ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ನಾನು ಕೈ ಮುಗಿದೆ — ಹೀಗೆ. ಕುರ್ಚಿಯಿಂದ ಏಳಲಿಲ್ಲ. "ನಿಮ್ಮ ಯೇಸು ಸತ್ತೋರನ್ನೇ ಎಬ್ಬಿಸ್ತಾನಂತಲ್ಲ, ಅವನನ್ನೇ ಕೇಳ್ಕೊಳ್ಳಿ" ಅಂದರು. ಪುಟ ತಿರುಗಿಸಿದರು.

ತರಕಾರಿ ಮಾರುವ ಕೆಂಪಯ್ಯ ತನ್ನ ತಳ್ಳುಗಾಡಿಯ ಸೊಪ್ಪನ್ನೆಲ್ಲ ಬೀದಿಗೆ ಸುರಿದು ಅವರನ್ನು ಮಲಗಿಸಿಕೊಂಡ. ಎಲ್ಲರೂ ಆಸ್ಪತ್ರೆಯ ಕಡೆಗೆ ತಳ್ಳಿದೆವು. ಅವರು ನನ್ನ ತೋಳು ಹಿಡಿದು, "ಸಾಲೋಮನಪ್ಪ, ಚಪ್ಪಲಿ ಯಾರು ನೋಡ್ಕೋತಿದಾರೆ?" ಅಂದರು. ನಾನು ಕೆಳಗೆ ನೋಡಿದೆ. ಎಲ್ಲರೂ ಬರಿಗಾಲಲ್ಲಿ ಓಡುತ್ತಿದ್ದೆವು. ಮಾಗಡಿ ರಸ್ತೆ ಮುಟ್ಟುವುದರೊಳಗೆ ಉಸಿರು ನಿಂತಿತು.

ನಮ್ಮ ಸಭಾಪಾಲಕರೂ ಇಲ್ಲಿ ಬಂದಿದ್ದಾರೆ. ಶತ್ರುವನ್ನು ಕ್ಷಮಿಸಬೇಕು ಸಾಲೋಮನ್ ಅಂತ ಕೈ ಹಿಡಿದು ಹೇಳಿದ್ದಾರೆ. ಅಯ್ಯನವರೇ, ಭಾನುವಾರ ಪ್ರಯತ್ನ ಮಾಡ್ತೀನಿ. ಇವತ್ತು ಗುರುವಾರ.

ಆ ಕಾರಿಗೆ ಕಲ್ಲು ಹೊಡೆಯೋಣ ಅಂತ ಶಾಪಿನ ಗೆಳೆಯರು ಬಂದಿದ್ದರು. ಬೇಡ ಅಂದೆ. ಒಳ್ಳೆಯತನದಿಂದ ಅಲ್ಲ. ಒಡೆದ ಗಾಜು ನಾಳೆ ಹೊಸದು ಬರುತ್ತದೆ. ನನಗೆ ಬೇಕಾಗಿರುವುದು ಅಂಗಡಿಯಲ್ಲಿ ಸಿಗದಂಥದ್ದು — ಉಗ್ರಪ್ಪನವರ ಮರ್ಯಾದೆ.

ಇಷ್ಟಾದ ಮೇಲೂ ಮೊನ್ನೆ ಉಗ್ರಪ್ಪನವರು ಕಮಲಾಕ್ಷಮ್ಮನವರಿಗೆ ಹೇಳಿ ಕಳಿಸಿದ್ದಾರೆ: ಯಜಮಾನರಂತೂ ಹೋದರು, ಇನ್ನಾದರೂ ಆ ಪ್ರಾರ್ಥನೆ ನಿಲ್ಲಿಸಿ, ಸಂಘ ನಿಮ್ಮ ಜೊತೆಗಿರುತ್ತದೆ. ಒಬ್ಬರೇ ಹೆಂಗಸು, ಇದೇ ಬೀದಿಯಲ್ಲಿ ಬಾಳಬೇಕು. ಅವರೇ ನಿಲ್ಲಿಸಿ ಅಂದಿದ್ದರೂ ನಾವು ತಪ್ಪು ಹೇಳುವ ಹಾಗಿರಲಿಲ್ಲ. ಇವತ್ತು ಬೆಳಗ್ಗೆ ಆ ತಾಯಿ ನನ್ನನ್ನು ಕರೆಸಿದರು. ಕೊರಳಿನ ಲಿಂಗವನ್ನು ಮುಟ್ಟಿಕೊಂಡು ಹೇಳಿದರು: "ಫಸ್ಟ್ ಶಿಫ್ಟು ಇನ್ಮೇಲೆ ನಂದು. ಭಾನುವಾರ ಹೊತ್ತಿಗೆ ಸರಿಯಾಗಿ ಬನ್ನಿ. ಚಪ್ಪಲಿ ನಾನು ನೋಡ್ಕೋತೀನಿ."

ಉಗ್ರಪ್ಪನವರೇ, ಇದು ನಿಮಗೆ ಅವರ ಉತ್ತರ. ನನ್ನ ಉತ್ತರ ಬೇರೆ ಇದೆ.

ಮಹನೀಯರೇ, ನಮ್ಮ ರೇವಣಸಿದ್ದಯ್ಯನವರಿಗಾಗಿ ಎಲ್ಲರೂ ಎದ್ದು, ಒಂದು ನಿಮಿಷ ಮೌನವಾಗಿ ನಿಲ್ಲಬೇಕೆಂದು ಕೈ ಮುಗಿದು ಕೇಳುತ್ತೇನೆ. ಎಲ್ಲರೂ —

ನೀವು ಬೇಡ ಉಗ್ರಪ್ಪನವರೇ. ನೀವು ಕೂತಿರಿ. ಅವತ್ತು ಕುರ್ಚಿ ಬಿಟ್ಟು ಏಳಲಿಲ್ಲ, ಇವತ್ತೂ ಏಳಬೇಡಿ.

ಉಳಿದವರು ದಯವಿಟ್ಟು ಎದ್ದು ನಿಲ್ಲಿ.