ಎಳೆದುಕೊಂಡ ಕಾಲು

೨೦೦೬ರ ಈಸ್ಟರ್ ಕಳೆದು ವಾರವಾಗಿತ್ತು. ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ನಾನು ಚಾಮರಾಜನಗರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಐವತ್ತು ದಾಟಿದ ಅಕ್ಕ ತಮ್ಮ ಮಾತಾಡುತ್ತಿದ್ದರು.

"ಲಕ್ವ ಒಡೆದ್ಮೇಲೆ ನಮ್ ಚರ್ಚ್ ಫಾದರ್‌ಗೆ ಯಾರ ಗುರ್ತೂ ಸಿಗಲ್ವಂತೆ ಅಕ್ಕಾ. ಮಾತೂ ನಿಂತೋಯ್ತಂತೆ."

"ಅದ್ಕೇ ಮೈಸೂರು ಆಸ್ಪತ್ರೆಗೆ ಓಗಿ ನೋಡನ ಅಂದದ್ದು."

"ಎಂಗೆ ಮಕ ತೋರ್ಸ್ಲಿ? ಈಸ್ಟರ್‌ಗೆ ಮುಂಚೆ ಪವಿತ್ರ ಗುರುವಾರ ಚರ್ಚಲ್ಲಿ ಅನ್ನೆರಡು ಜನದ ಕಾಲು ತೊಳಿತಾ ಬಂದ್ರು. ನನ್ ಸರದಿಗೆ ಕಾಲ ಎಳ್ಕಬುಟ್ನಲ್ಲ."

"ಯಾಕ್ಲಾ ಚೌರಪ್ಪ? ಮದುವೆ ಗಂಡಿನಂಗೆ ಸೋಪಾಕಿ ಮೂರು ಸಲ ಉಜ್ಕಂಡ್ ಬಂದಿದ್ದೆ."

"ಅರಿಶಿನ ಬೇಯ್ಸಿದ ಕಾಲು, ಬಣ್ಣ ಓಗ್ನಿಲ್ಲ. ಅಂತಾ ದೊಡ್ಡೋರು ನನ್ ಮುಂದೆ ಮಂಡಿಯೂರದಾ? ದೇವ್ರ ಮುಂದೆ ನಾನು ಬರೀ ಧೂಳು ಕಣಕ್ಕಾ."

"ಧೂಳು ಅಂತ ಗೊತ್ತಿದ್ದೋನು ಸುಮ್ಕೆ ಕೂತಿರ್ಬೇಕಿತ್ತು. ಯೇಸುಸ್ವಾಮಿನೇ ಬೆಸ್ತರಾಗಿದ್ದ ಶಿಷ್ಯರ ಕಾಲು ತೊಳೆದ್ರು. ದೇವ್ರೇ ಬಗ್ಗಿದಾಗ ಬ್ಯಾಡ ಅನ್ನಕ್ಕೆ ನೀನ್ಯಾವ ದೊರೆ?"

ಚೌರಪ್ಪ ತಲೆ ತಗ್ಗಿಸಿದರು.

"ಮಂಡಿ ನೋವಲ್ಲೂ ಬಗ್ಗಿದ್ರು ಅಕ್ಕಾ. ಒಣ ಟವಲ್ ಇಡ್ಕಂಡು ಅಂಗೇ ಎದ್ರು. ಒಂದು ಮಾತೂ ಅನ್ನಿಲ್ಲ."

"ಊಂ."

"ಈಗ ನಾನೇ ಅವ್ರ ಕಾಲು ತೊಳಿಲಾ?"

"ಅದೂ ನಿನ್ ದೊಡ್ಡಸ್ತಿಕೆನೇ. ಪಕ್ಕದಲ್ಲಿ ಕೂತ್ಕ. ಅವ್ರು ಆಶೀರ್ವಾದಕ್ಕೆ ಕೈ ಎತ್ತಿದ್ರೆ ತಲೆ ಬಗ್ಸು. ಎತ್ತದೆ ಓದ್ರೆ, ಅದ್ನೂ ತಕ್ಕಂಡು ಬಾ."

ಮೈಸೂರು ಬಸ್ಸು ಬಂತು. ಅಕ್ಕ ಮೊದಲು ಹತ್ತಿ, ಮೆಟ್ಟಿಲ ಮೇಲಿನಿಂದ ಕೈ ಚಾಚಿದರು. ತಮ್ಮ ಒಂದು ಗಳಿಗೆ ತಡೆದು, ಆ ಕೈ ಹಿಡಿದುಕೊಂಡರು.