ಸನ್ಮಾನದ ತಾರೀಖು

ವೇದಿಕೆಯ ಮೇಲಿರುವ ಅಧ್ಯಕ್ಷರೂ, ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಗುರುಗಳೂ ಆದ ಶ್ರೀಕಂಠಯ್ಯನವರೇ, ನಮ್ಮ ಕುಂತಿಬೆಟ್ಟ ಸಾಹಸ ಸಂಘದ ಕಾರ್ಯದರ್ಶಿಗಳೂ, ಅಧ್ಯಕ್ಷರ ಸುಪುತ್ರರೂ ಆದ ಶ್ರೀಕರ ಅವರೇ, ಮಂಡ್ಯ ದಾಟಿದ್ದಾರೆಂದು ಹೇಳಲಾಗುತ್ತಿರುವ ಮಾನ್ಯ ಮಂತ್ರಿಗಳೇ, ಪಾಂಡವಪುರದ ಮಹನೀಯರೇ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲಗಳಿಂದ ಬಸ್ಸು ಹಿಡಿದು ಬಂದು ಬೆಳಗಿನಿಂದ ಕಾಯುತ್ತಿರುವ ಸಭಿಕರೇ,

ಈ ವಾರ್ಷಿಕೋತ್ಸವದಲ್ಲಿ ನನಗೆ ಕೊಟ್ಟಿರುವ ಕೆಲಸ ಚಿಕ್ಕದು. ಹಿಮಾಲಯಕ್ಕೆ ಹೊರಟಿರುವ ನಮ್ಮ ಎರಡನೇ ತಂಡದ ಸದಸ್ಯೆ ಕುಮಾರಿ ಸ್ನೇಹಾಳ ಕೈಗೆ ಸಂಘದ ಬಾವುಟ ಕೊಟ್ಟು, ಎರಡು ಮಾತು ಹಾರೈಸಿ ಕೂತುಕೊಳ್ಳಬೇಕು. ಆದರೆ ಕಾರ್ಯದರ್ಶಿಗಳು ಈಗಷ್ಟೇ ನನ್ನ ಕಿವಿಯ ಹತ್ತಿರ ಬಂದು, ಮಂತ್ರಿಗಳು ಬರುವ ತನಕ ಮಾತು ಎಳೆಯಿರಿ ಎಂದರು. ನಾನು ಪಿ.ಟಿ. ಮೇಷ್ಟ್ರು. ಸೀಟಿ ಊದುವುದು ಬಿಟ್ಟರೆ ನನಗೆ ಬೇರೆ ಭಾಷಣ ಬರುವುದಿಲ್ಲ. ಎಳೆಯಿರಿ ಎಂದರೆ ಎಲ್ಲಿಂದ ಎಳೆಯಲಿ? ಕಳೆದ ವರ್ಷದಿಂದಲೇ ಎಳೆಯುತ್ತೇನೆ.

ಕಳೆದ ವರ್ಷ ಮೇ ತಿಂಗಳಲ್ಲಿ ಶ್ರೀಕರ ಅವರೂ ನಾನೂ ಗಢವಾಲದ ಒಂದು ಶಿಖರ ಹತ್ತಲು ಹೋದೆವು. ಅದರ ಹೆಸರು ಹೇಳಿದರೆ ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿಯೂ ಬುಡದ ಹಳ್ಳಿಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೊರಡುವ ಮುಂಚೆ ನಮ್ಮೂರಿನ ಟೀ ಅಂಗಡಿಯಲ್ಲಿ, ಎವರೆಸ್ಟಾ ಎಂದು ಕೇಳಿದರು. ಅಲ್ಲ ಎಂದೆ. ಅದರ ಪಕ್ಕದ್ದಾ ಎಂದರು. ಅದೂ ಅಲ್ಲ ಎಂದೆ. "ಮತ್ಯಾಕ್ಲಾ ಅಲ್ಲೀಗಂಟ ಓಯ್ತೀಯಾ? ಕುಂತಿಬೆಟ್ಟ ಇಲ್ಲೇ ಅದಲ್ಲ" ಎಂದರು. ನಾನೂ ನಕ್ಕೆ, ಅವರೂ ನಕ್ಕರು. ಕೊನೆಗೆ ಸಂಘದವರು ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿದ ಬ್ಯಾನರಿನಲ್ಲಿ ಎವರೆಸ್ಟ್ ವೀರರು ಎಂದೇ ಬರೆಸಿದ್ದರು.

ತಯಾರಿ ಮಾತ್ರ ನಾವು ಮನಸ್ಸಿಟ್ಟು ಮಾಡಿದ್ದೆವು. ಬೆನ್ನ ಮೇಲೆ ಮರಳಿನ ಮೂಟೆ ಹೊತ್ತು ಕರಿಘಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆವು. ದೇವರಿಗೆ ಬಂದ ಹೆಂಗಸರು ಇದು ಯಾವ ಹರಕೆ ಎಂದು ಕೇಳುತ್ತಿದ್ದರು. ವಯಸ್ಸಾದ ಒಬ್ಬ ತಾಯಿ ನನ್ನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಗ ಆ ಕಾಲು ಪೂರ್ತಿ ಇತ್ತು.

ಸಭಿಕರೇ, ಬೆಟ್ಟ ಹತ್ತುವುದಕ್ಕೆ ಏನೇನು ಬೇಕು? ಹಗ್ಗ ಬೇಕು, ಬೂಟು ಬೇಕು, ದಾರಿ ಬಲ್ಲ ಗೈಡು ಬೇಕು. ನಮ್ಮ ಸಂಘ ಇವೆಲ್ಲಕ್ಕಿಂತ ಮುಂಚೆ ಹೊಂದಿಸಿದ್ದು ಸನ್ಮಾನಕ್ಕೆ ಮಂತ್ರಿಗಳ ತಾರೀಖನ್ನು. ಬೂಟಿನ ಅಳತೆ ಕೊಡುವ ಮೊದಲೇ ಜೂನ್ ಒಂಬತ್ತು ಎಂದು ಗೊತ್ತಾಗಿತ್ತು. ಛತ್ರ ಸಿಕ್ಕಿತೆಂದು ಆಮೇಲೆ ಹೆಣ್ಣು ಹುಡುಕಲು ಹೊರಟ ಹಾಗೆ. ಆಗ ಇದು ನಮಗೆ ಯಾರಿಗೂ ತಪ್ಪೆಂದು ಕಾಣಲಿಲ್ಲ. ದೊಡ್ಡವರ ತಾರೀಖು ಸಿಗುವುದು ಕಷ್ಟ ಅಲ್ಲವೇ? ಶಾಮಿಯಾನ ಹೇಳಬೇಕು, ಮೈಕಿನವರಿಗೆ ಹೇಳಬೇಕು, ಆಹ್ವಾನ ಪತ್ರಿಕೆ ಅಚ್ಚಾಗಬೇಕು. ಹಿಮಾಲಯದ ಒಪ್ಪಿಗೆ ಮಾತ್ರ ಯಾರೂ ಕೇಳಿರಲಿಲ್ಲ.

ನಮ್ಮ ಗೈಡಿನ ಹೆಸರು ಕುಂದನ್ ಸಿಂಗ್. ಆ ಬುಡದ ಹಳ್ಳಿಯವನೇ. ಮೇಲಿನ ಶಿಬಿರ ತಲುಪಿದ ದಿನ ಅವನು ಆಕಾಶ ನೋಡಿ, ಎರಡು ಮೂರು ದಿನ ಗುಡಾರದಲ್ಲೇ ಇರೋಣ, ಗಾಳಿ ಕೆಟ್ಟಿದೆ ಎಂದ. ಶ್ರೀಕರ ಅವರು ಕ್ಯಾಲೆಂಡರ್ ಲೆಕ್ಕ ಹಾಕಿದರು. ಇಳಿಯಬೇಕು, ದೆಹಲಿಗೆ ಬರಬೇಕು, ರೈಲು ಹಿಡಿಯಬೇಕು. ಕಾದರೆ ಆಗುವುದಿಲ್ಲ. ನನ್ನ ಕಡೆ ತಿರುಗಿ ಒಂದೇ ಮಾತು ಹೇಳಿದರು: "ಚಿಕ್ಕಸ್ವಾಮಿ, ಬೆಟ್ಟ ಎಲ್ಲೂ ಹೋಗಲ್ಲ ನಿಜ. ಆದರೆ ಮಂತ್ರಿಗಳ ಡೇಟು ಮತ್ತೆ ಸಿಗಲ್ಲ."

ಇದನ್ನು ಹಿಂದಿಯಲ್ಲಿ ವಿವರಿಸಿದಾಗ ಕುಂದನ್ ಸಿಂಗ್, ಕಾದರೆ ನಿಮ್ಮ ಮಂತ್ರಿಗೆ ಚಳಿಯಾಗುತ್ತದೆಯೇ ಎಂದು ಕೇಳಿದ. ಅವನು ತಮಾಷೆ ಮಾಡಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ. ನಾವಿಬ್ಬರೇ ಹೊರಟು ಬಿಡುತ್ತೇವೆ ಎಂದು ಶ್ರೀಕರ ಅವರು ಹಟ ಹಿಡಿದ ಮೇಲೆ, ಬಿಟ್ಟು ಕಳಿಸಿದರೆ ಸಾಯುತ್ತಾರೆ ಎಂದುಕೊಂಡು ಅವನೂ ಹಗ್ಗ ಕಟ್ಟಿಕೊಂಡ.

ತುದಿ ಮುಟ್ಟಿದೆವು. ಸುಳ್ಳು ಹೇಳುವುದಿಲ್ಲ, ಮುಟ್ಟಿದೆವು. ಅಲ್ಲಿ ಬಾವುಟ ಬಿಡಿಸಿ ಫೋಟೋ ತೆಗೆಯಬೇಕಿತ್ತು. ಬಾವುಟದ ಮೇಲೆ ಮಂತ್ರಿಗಳ ಹೆಸರಿತ್ತು. ಗಾಳಿಗೆ ಬಟ್ಟೆ ಸುತ್ತಿಕೊಂಡು ಹೆಸರಿನ ಅರ್ಧ ಮುಚ್ಚಿಹೋಗುತ್ತಿತ್ತು. ಹೆಸರು ಪೂರ್ತಿ ಕಾಣುವ ತನಕ ನಾನು ಅದನ್ನು ಹಿಡಿದುಕೊಂಡು ಒದ್ದೆ ಬೂಟಿನಲ್ಲಿ ನಿಂತಿದ್ದೆ. ಆ ಫೋಟೋ ಈ ಸಭಾಂಗಣದ ಬಾಗಿಲಲ್ಲಿ ತೂಗುಹಾಕಿದೆ. ಬರುವಾಗ ನೋಡಿರುತ್ತೀರಿ. ಅಕ್ಷರಗಳು ಬಹಳ ಚೆನ್ನಾಗಿ ಬಂದಿವೆ.

ಇಳಿಯುವಾಗ ಹಿಮದ ಗಾಳಿ ಹಿಡಿದುಕೊಂಡಿತು. ಎದುರಿನ ಮನುಷ್ಯ ಕಾಣುತ್ತಿರಲಿಲ್ಲ. ಒಂದು ಬಂಡೆಯ ಮರೆಯಲ್ಲಿ ಕೂತೆವು. ನನ್ನ ಕಾಲು ನನ್ನದಲ್ಲವೆಂಬಂತೆ ಮರಗಟ್ಟಿತ್ತು. ಕುಂದನ್ ಸಿಂಗ್ ನನ್ನ ಬೂಟು ಬಿಚ್ಚಿ, ತನ್ನ ಅಂಗಿ ಎತ್ತಿ, ನನ್ನ ಎರಡೂ ಪಾದಗಳನ್ನು ತನ್ನ ಬರಿ ಹೊಟ್ಟೆಗೆ ಒತ್ತಿಕೊಂಡು ಕೂತ. ನನ್ನ ಹೆತ್ತ ತಾಯಿಯೂ ಆ ಚಳಿಯಲ್ಲಿ ಹಾಗೆ ಮಾಡುತ್ತಿದ್ದಳೋ ಇಲ್ಲವೋ. ಪಾದ ಉಳಿಯಿತು. ಬೆರಳು ಉಳಿಯಲಿಲ್ಲ. ಕೆಳಗಿನ ಆಸ್ಪತ್ರೆಯಲ್ಲಿ ಕಪ್ಪಾದ ಬೆರಳುಗಳನ್ನು ತೆಗೆದರು. ಈಗ ನಾನು ಮಕ್ಕಳಿಗೆ ಓಡಿ ಎಂದು ಹೇಳುತ್ತೇನೆ. ಓಡಿ ತೋರಿಸುವುದಿಲ್ಲ.

ನನಗೆ ಬ್ಯಾಂಡೇಜು ಸುತ್ತುತ್ತಿದ್ದ ದಿನವೇ ಶ್ರೀಕರ ಅವರು ಹೊರಟರು. ಕುಂದನ್ ಸಿಂಗ್ ನೋಡಿಕೊಳ್ಳುತ್ತಾನೆ, ನಾನು ಹೋಗಿ ಮುಖ ತೋರಿಸಲೇಬೇಕು ಎಂದರು. ಒಂಬತ್ತನೇ ತಾರೀಖಿಗೆ ಸರಿಯಾಗಿ ಊರು ತಲುಪಿದರು. ಮಂತ್ರಿಗಳು ತಲುಪಲಿಲ್ಲ. ಅವತ್ತು ಅವರಿಗೆ ಕೆ.ಆರ್. ಪೇಟೆ ಕಡೆ ಮದುವೆಗಳಿದ್ದವಂತೆ.

ಆ ಸಭೆಗೆ ನೀವು ಬಹಳ ಜನ ಬಂದಿದ್ದಿರಿ. ನಾನು ಬಂದಿರಲಿಲ್ಲ. ನನ್ನ ಕುರ್ಚಿ ಖಾಲಿ ಇರಬಾರದೆಂದು ಅದರಲ್ಲಿ ನಮ್ಮಪ್ಪ ಮಂಚಯ್ಯನನ್ನು ಕೂರಿಸಿದ್ದರು. ನಮ್ಮಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ಇಳಿಸುವ ಮನುಷ್ಯ. ವೇದಿಕೆ ಎಂದರೆ ಅವನಿಗೆ ಅದೇ ಮೊದಲು. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಮಗ ಎಲ್ಲಿ ಎಂದು ಅವನು ಪಕ್ಕದ ಕುರ್ಚಿಯವರನ್ನು ಕೇಳಿದ. ಪಕ್ಕದ ಕುರ್ಚಿಯವರು, ಚಿಕ್ಕಸ್ವಾಮಿಯನ್ನು ಮೇಲಿನ ತರಬೇತಿಗೆ ಅಲ್ಲೇ ಉಳಿಸಿಕೊಂಡಿದ್ದಾರೆ, ಬಹಳ ದೊಡ್ಡ ಗೌರವ ಎಂದರು.

ಪಕ್ಕದ ಕುರ್ಚಿಯಲ್ಲಿದ್ದವರು ನೀವು, ಸಾರ್.

ಅಧ್ಯಕ್ಷರು ತಲೆ ಎತ್ತಬೇಕಾಗಿಲ್ಲ. ನಾನು ಜಗಳಕ್ಕೆ ನಿಂತಿಲ್ಲ. ನಿಮ್ಮ ಮಗ ಸಭೆಗೆ ಮುಂಚೆಯೇ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದರು, ನಿಮಗೆ ಎಲ್ಲ ಗೊತ್ತಿತ್ತು. ಸಭೆ ಕೆಡಬಾರದೆಂದು ಹಾಗೆ ಹೇಳಿದಿರಿ. ಸಭೆ ಕೆಡಲಿಲ್ಲ. ನಮ್ಮಪ್ಪ ಆ ಬುಟ್ಟಿಯ ಸೇಬನ್ನು ಹೋಳು ಮಾಡಿ ಬೀದಿಗೆಲ್ಲ ಹಂಚಿದ.

ಆಸ್ಪತ್ರೆಯ ಎದುರು ಒಂದು ಎಸ್‌ಟಿಡಿ ಬೂತಿತ್ತು. ಕುಂದನ್ ಸಿಂಗ್ ನನ್ನನ್ನು ಎತ್ತಿಕೊಂಡು ಹೋಗಿ ಅಲ್ಲಿ ಕೂರಿಸಿದ. ನಮ್ಮೂರಿನ ಅಂಗಡಿಗೆ ಫೋನು ಮಾಡಿ ಅಪ್ಪನನ್ನು ಕರೆಸಿದೆ. ಹೇಗೆ ಶುರು ಮಾಡಲಿ, ಮೊದಲು ಯಾವ ಕಾಲಿನದು ಹೇಳಲಿ ಎಂದು ಒದ್ದಾಡುತ್ತಿದ್ದೆ. ಅವನೇ ಮೊದಲು ಮಾತಾಡಿದ. "ಟ್ರೈನಿಂಗು ಎಂಗಾಯ್ತಾ ಅದೆ ಮಗ? ಮೇಷ್ಟ್ರು ಎಲ್ಲಾ ಯೋಳುದ್ರು. ಚೆಂದಾಗಿ ಕಲ್ತ್ಕಂಡು ಬಾ. ಅವಸರ ಏನಿಲ್ಲ."

ಇಡೀ ಆ ಪ್ರಯಾಣದಲ್ಲಿ ಅವಸರ ಇಲ್ಲವೆಂದು ನನಗೆ ಹೇಳಿದ ನಮ್ಮ ತಾಲೂಕಿನ ಒಬ್ಬನೇ ಮನುಷ್ಯ ಅವನು. "ಚೆನ್ನಾಗಾಯ್ತಾ ಅದೆ ಕಣಪ್ಪ" ಎಂದು ಹೇಳಿ ಫೋನು ಇಟ್ಟೆ. ಬೂತಿನವನು ಯಾಕೆ ಅಳುತ್ತೀರಿ ಎಂದು ಕೇಳಿದ. ಹಿಂದಿಯಲ್ಲಿ ಇದನ್ನು ಹೇಗೆ ಹೇಳುವುದೆಂದು ನನಗೆ ಗೊತ್ತಾಗಲಿಲ್ಲ.

ಪಾಂಡವಪುರ ಸ್ಟೇಷನ್ನಿನಲ್ಲಿ ನಾನು ಊರುಗೋಲು ಹಿಡಿದು ಇಳಿದಾಗ ಅಪ್ಪ ನನ್ನ ಕಾಲು ನೋಡಿದ. ಟ್ರಂಕು ಎತ್ತಿ ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದ. ಏನಾಯಿತೆಂದು ಈ ತನಕ ಕೇಳಿಲ್ಲ. ಆದರೆ ಅಂದಿನಿಂದ ಮೈಕು ಕಟ್ಟಿರುವ ಕಡೆ ಅವನು ಕಾಲಿಡುವುದಿಲ್ಲ. ಸ್ವಂತ ತಂಗಿಯ ಮಗಳ ಮದುವೆಗೂ ಬರಲಿಲ್ಲ. ಇವತ್ತೂ ಕರೆದೆ, ಕಬ್ಬಿನ ಕೆಲಸ ಇದೆ ಎಂದ. ಈ ತಿಂಗಳಲ್ಲಿ ಕಾರ್ಖಾನೆಗೆ ಕಬ್ಬು ಬರುವುದಿಲ್ಲವೆಂದು ನಿಮಗೂ ಗೊತ್ತು, ನನಗೂ ಗೊತ್ತು.

ಇಷ್ಟಾದ ಮೇಲೆ ಇವತ್ತಿನ ಆಹ್ವಾನ ಪತ್ರಿಕೆಯ ಕೊನೆಯ ಸಾಲು ನೋಡಿದೆ. ತಂಡವು ವಿಜಯಶಾಲಿಯಾಗಿ ಹಿಂತಿರುಗುವ ಜೂನ್ ಹದಿನೈದರ ಭಾನುವಾರ ಇದೇ ಸಭಾಂಗಣದಲ್ಲಿ ಸನ್ಮಾನ, ಮಾನ್ಯ ಮಂತ್ರಿಗಳಿಂದ. ಮಂತ್ರಿಗಳು ಬದಲಾಗಿದ್ದಾರೆ. ನಾವು ಬದಲಾಗಿಲ್ಲ. ನಾಯಕರು ಮತ್ತೆ ಶ್ರೀಕರ ಅವರೇ. ಹಗ್ಗದ ಇನ್ನೊಂದು ತುದಿಗೆ ಈ ಸಲ ಸ್ನೇಹ.

ಚಿಕ್ಕಸ್ವಾಮಿಗೆ ಹೊಟ್ಟೆಯುರಿ, ಎರಡನೇ ತಂಡದಲ್ಲಿ ಅವನ ಹೆಸರಿಲ್ಲವಲ್ಲ ಎಂದು ಈಗ ಯಾರೋ ಹಿಂದಿನ ಸಾಲಿನಲ್ಲಿ ಅಂದುಕೊಳ್ಳುತ್ತಿರಬಹುದು. ನಿಜ, ನಾನು ಕೇಳಿದ್ದೆ. ಬೆರಳಿಲ್ಲದ ಕಾಲಿನಲ್ಲಿ ಏನು ಹತ್ತುತ್ತೀಯಪ್ಪ ಎಂದರು. ಅದೂ ನಿಜ. ಆದರೂ ಕೇಳಿದ್ದೆ. ಏಕೆಂದರೆ ತುದಿಯ ಕೆಳಗೆ ಒಂದು ಕಡೆ ಗಾಳಿ ಒಂದು ಗಳಿಗೆ ನಿಂತಿತ್ತು. ಮೋಡವೆಲ್ಲ ನಮ್ಮ ಕೆಳಗಿತ್ತು. ಅಲ್ಲಿ ನಾನು ಯಾರ ಮಗ, ಯಾರ ಶಿಷ್ಯ, ಯಾರ ಹಿಂದೆ ನಡೆಯಬೇಕಾದವನು ಎಂಬುದು ಯಾವುದೂ ನೆನಪಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಇಲ್ಲಿ ಹೇಳಬೇಕೆಂದೂ ಇರಲಿಲ್ಲ. ಹೋಗಲಿ ಬಿಡಿ. ಬೆಟ್ಟದ ಮೇಲೆ ನನಗೆ ಯಾವ ಕೋಪವೂ ಇಲ್ಲ. ಬೆಟ್ಟ ನನ್ನನ್ನು ಯಾವತ್ತೂ ಈ ದಿನವೇ ಬಾ ಎಂದು ಕರೆದಿರಲಿಲ್ಲ.

ಆದ್ದರಿಂದ ಅಧ್ಯಕ್ಷರೇ, ನನ್ನದು ಒಂದೇ ಬೇಡಿಕೆ. ಬಾವುಟ ಕೊಡುವ ಮೊದಲು ನೀವು ಈ ಮೈಕಿನ ಮುಂದೆ ಬಂದು, ಜೂನ್ ಹದಿನೈದರ ಸಭೆ ಇಲ್ಲ, ತಂಡ ಯಾವಾಗ ಬರುತ್ತದೋ ಆವಾಗ ಬರಲಿ ಎಂದು ಹೇಳಿ. ಎರಡು ವಾಕ್ಯ. ಹೇಳುತ್ತೀರಾ ಸಾರ್?

ಸರಿ. ಅಧ್ಯಕ್ಷರು ಕಾರ್ಯದರ್ಶಿಗಳ ಮುಖ ನೋಡುತ್ತಿದ್ದಾರೆ. ಕಾರ್ಯದರ್ಶಿಗಳು ಬಾಗಿಲು ನೋಡುತ್ತಿದ್ದಾರೆ. ಹೊರಗೆ ಪಟಾಕಿ ಹೊಡೆಯುತ್ತಿರುವುದು ಕೇಳಿಸುತ್ತಿದೆ, ಕಾರು ಬಂದಿರಬೇಕು. ಬೇಗ ಮುಗಿಸಿ ಎಂದು ನನಗೆ ಸನ್ನೆಯೂ ಆಗುತ್ತಿದೆ. ನೀವೆಲ್ಲ ಆಗಲೇ ಎದ್ದು ನಿಂತು ಹಿಂದಕ್ಕೆ ತಿರುಗಿದ್ದೀರಿ. ಪರವಾಗಿಲ್ಲ, ನಾನು ಇನ್ನು ಮಾತಾಡಬೇಕಾದ್ದು ಒಬ್ಬಳ ಹತ್ತಿರ.

ಇಷ್ಟು ಹೊತ್ತು ಕೇಳಿದವರಿಗೆ ವಂದನೆ. ಈ ಊರನ್ನು ನೋಡದ, ನಮ್ಮ ಭಾಷೆ ತಿಳಿಯದ, ಯಾವ ಸಂಘವೂ ಇದುವರೆಗೆ ನೆನೆಯದ ಕುಂದನ್ ಸಿಂಗನಿಗೆ ವಂದನೆ. ನನ್ನನ್ನು ಓದಿಸಿ ಈ ವೇದಿಕೆಯವರೆಗೆ ತಂದ ಗುರುಗಳಿಗೂ ವಂದನೆ, ಅದನ್ನು ನಾನು ಮರೆಯುವವನಲ್ಲ.

ಸ್ನೇಹ, ಬಾ ತಾಯಿ, ಮೇಲೆ ಬಾ. ಕಾರ್ಯಕ್ರಮದ ಪ್ರಕಾರ ಇದನ್ನು ಮಂತ್ರಿಗಳು ಮುಟ್ಟಿದ ಮೇಲೆ ನಿನಗೆ ಕೊಡಬೇಕು. ನಾನು ಈಗಲೇ ಕೊಡುತ್ತಿದ್ದೇನೆ. ಹಿಡ್ಕೊ. ನಮ್ಮೋರ ಮಾತು ಕೇಳ್ಬ್ಯಾಡ ಕಣವ್ವ. ಗೈಡು ಇಳಿ ಅಂದ್ರೆ ಇಳ್ದ್ಬುಡು. ಇಲ್ಲಿ ನಾವು ತಂದಿಟ್ಟಿರೋ ಹಾರ ಬಾಡೋದಾದ್ರೆ ಬಾಡೋಗ್ಲಿ.

ನಮಸ್ಕಾರ.